ಅಂಕಿಯ ಉದ್ದ: ಬಿನೆ–ಕಾಮತ್ ಬುದ್ಧಿಮಾಪನವನ್ನು ಕುರಿತು

ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಮಾಪನವನ್ನು ಪರಿಷ್ಕರಿಸಿ ವಿ. ವಿ. ಕಾಮತರು 1934ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಮಗುವಿನ ಬೌದ್ಧಿಕ ಅಂಗವೈಕಲ್ಯವನ್ನು ನಿರ್ಣಯಿಸುವಲ್ಲಿ ಅದರ ಫಲಿತಾಂಶಕ್ಕೆ ತೂಕವಿದೆ. ಮಾನಕಗಳು ಹಳತಾದವೆಂಬ ದೂರು ಹೊಸದಲ್ಲ. ನಮ್ಮ ಪ್ರಶ್ನೆ ಬೇರೆ: ಇಂತಹ ಮಾಪನಗಳು ಎಣಿಸುವ ಘಟಕ ಯಾವುದು?

ಬಿನೆ ಪರಂಪರೆಯಲ್ಲಿಯೇ ಇದಕ್ಕೆ ಎರಡು ಉತ್ತರಗಳಿವೆ. ಟರ್ಮನ್ನರ 1916ರ ಪರಿಷ್ಕರಣದಲ್ಲಿ ಮಗು ಮರಳಿ ಹೇಳಬೇಕಾದ ವಾಕ್ಯವನ್ನು ಅಕ್ಷರಗಳಲ್ಲಿ ಅಳೆಯಲಾಗಿದೆ: ನಾಲ್ಕನೆಯ ವರ್ಷಕ್ಕೆ 12–13. (ಅಕ್ಷರವೆಂದರೆ ಇಲ್ಲಿ ಲಿಪಿಯದಲ್ಲ, ಉಚ್ಚಾರಣೆಯ ಘಟಕ.) ಅಂಕಿಗಳನ್ನು ಮಾತ್ರ ಬಿಡಿಬಿಡಿಯಾಗಿ ಎಣಿಸಲಾಗಿದೆ: ನಾಲ್ಕಕ್ಕೆ 4, ಏಳಕ್ಕೆ 5, ಹತ್ತಕ್ಕೆ 6. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ಒಂದರಿಂದ ಒಂಬತ್ತರವರೆಗೆ ಏಳರ ಹೆಸರೊಂದನ್ನುಳಿದು ಎಲ್ಲವೂ ಏಕಾಕ್ಷರಿಗಳು. ಕನ್ನಡದಲ್ಲಿ ಏಕಾಕ್ಷರಿ ಒಂದೂ ಇಲ್ಲ. 2-9-4-8-1 ಎಂಬ ಸರಣಿ ಇಂಗ್ಲಿಷಿನಲ್ಲಿ ಐದು ಅಕ್ಷರ, ಕನ್ನಡದಲ್ಲಿ ಹನ್ನೆರಡು. ವಾಕ್ಯದಲ್ಲಿ ತಕ್ಕಡಿ ಮತ್ತೊಂದು ಕಡೆಗೆ ವಾಲುತ್ತದೆ. ‘ನಾಳೆ ಅಜ್ಜಿಯ ಊರಿಗೆ ಹೋಗುತ್ತೇವೆ’ ಎಂಬುದರಲ್ಲಿ ಹನ್ನೆರಡು ಅಕ್ಷರಗಳಿದ್ದರೂ ಪದಗಳು ನಾಲ್ಕೇ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಏಳು ಪದಗಳು ಬೇಕು.

ಅಕ್ಷರ ಎರಡೂವರೆ ಪಟ್ಟಾದ ಮಾತ್ರಕ್ಕೆ ಉಚ್ಚಾರಣೆಯ ಕಾಲವೂ ಅಷ್ಟಾಗದು ಎಂಬುದನ್ನು ಒಪ್ಪುತ್ತೇವೆ. ಆಡುನುಡಿಯಲ್ಲಿ ‘ಎರಡು’ ‘ಎರ್ಡು’ ಆಗಿ, ‘ನಾಲ್ಕು’ ‘ನಾಕು’ ಆಗಿ ಕುಗ್ಗುತ್ತವೆ. ಪರೀಕ್ಷಕರು ಗ್ರಾಂಥಿಕ ರೂಪವನ್ನೇ ಓದುತ್ತಿದ್ದರೆ ಅದು ಇನ್ನೊಂದು ತೊಡಕು. ಆದರೆ ಕಾಲದ ಪ್ರಭಾವ ಕೇವಲ ಊಹೆಯಲ್ಲ. ವೇಲ್ಸ್‌ನ ದ್ವಿಭಾಷಿಕರ ಅಂಕಿಸ್ಮೃತಿ ವೆಲ್ಷ್ ಭಾಷೆಯಲ್ಲಿ ಇಂಗ್ಲಿಷಿಗಿಂತ ಕಡಿಮೆಯಿದ್ದುದಕ್ಕೆ ಅಂಕಿಗಳ ಉಚ್ಚಾರಣಾವಧಿಯೇ ಕಾರಣವೆಂದು ಎಲಿಸ್ ಮತ್ತು ಹೆನೆಲಿ 1980ರಲ್ಲಿ ತೋರಿಸಿದ್ದಾರೆ.

ಸ್ಥಳೀಯ ಮಕ್ಕಳ ಮೇಲೆಯೇ ಮಾನಕಗಳನ್ನು ನಿಗದಿಪಡಿಸಿರುವುದರಿಂದ ಈ ದೋಷ ತಾನಾಗಿ ಸರಿಹೋಗುತ್ತದೆಂದು ಕಾಮತರ ಪರವಾಗಿ ವಾದಿಸಬಹುದು. 1934ರ ಮಟ್ಟಿಗೆ ಆ ವಾದ ಸಮಂಜಸವೇ. ಇಂದು ಇಂಗ್ಲಿಷ್ ಮಾಧ್ಯಮದ ಮಗು ಮನೆಯಲ್ಲಿ ಕನ್ನಡವಾಡಿದರೂ ಅಂಕಿಗಳನ್ನು ಇಂಗ್ಲಿಷಿನಲ್ಲಿಯೇ ಎಣಿಸುತ್ತದೆ. ಪರೀಕ್ಷಕರು ಅದಕ್ಕೆ ಒಪ್ಪಿದರೆ ಕನ್ನಡದ ಅಂಕಿಗಳಿಗೆ ಗೊತ್ತುಪಡಿಸಿದ ಮಾನಕದ ಎದುರು ಆ ಮಗುವಿಗೆ ಅನಾಯಾಸ ಲಾಭ. ಒಪ್ಪದಿದ್ದರೆ ಅದು ಎರಡು ಕೆಲಸ ಮಾಡಬೇಕು: ಅನುವಾದ, ಬಳಿಕ ನೆನಪು. ಕನ್ನಡ ಮಾಧ್ಯಮದ ಮಗುವಿಗೆ ಈ ಲಾಭವೂ ಇಲ್ಲ, ಈ ತೊಡಕೂ ಇಲ್ಲ. ಆದರೂ ಇಬ್ಬರ ಬುದ್ಧಿಲಬ್ಧವನ್ನು ಒಂದೇ ಕೋಷ್ಟಕದಲ್ಲಿ ಓದಲಾಗುತ್ತದೆ. ಹೊಸ ಮಾನಕಗಳು ಸಿದ್ಧವಾಗುವವರೆಗೆ, ಅಂಕಿಗಳನ್ನು ಯಾವ ಭಾಷೆಯಲ್ಲಿ ಹೇಳಲಾಯಿತು, ಮಗು ಯಾವ ಭಾಷೆಯಲ್ಲಿ ಮರಳಿಸಿತು ಎಂಬುದನ್ನಾದರೂ ವರದಿಯಲ್ಲಿ ನಮೂದಿಸಬೇಕು.