ಕೆಂಪು ಗೆರೆ ಮತ್ತು ಒಡೆಯರ ಕೊಳಗ

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮ ಕಣ್ಣು ಕವಿತೆ, ಕಾದಂಬರಿ, ಆತ್ಮಕತೆಗಳ ಕಡೆ ಹೋಗುತ್ತದೆ. ಅರ್ಜಿಯ ಕಡೆ ಹೋಗುವುದಿಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೇರಿಗಳು ಹೊರಜಗತ್ತಿನ ಜೊತೆ ಬರವಣಿಗೆಯಲ್ಲಿ ಮಾತಾಡಿರುವುದು ಕವಿತೆಯಲ್ಲಿ ಕಮ್ಮಿ, ಅರ್ಜಿಯಲ್ಲಿ ಜಾಸ್ತಿ. ಬಗರ್ ಹುಕುಂ ಸಾಗುವಳಿಗೆ ನಮೂನೆ ೫೦, ೫೩, ೫೭. ೨೦೦೬ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸಿದ ಕ್ಲೇಮು. ಜಾತಿ ಪ್ರಮಾಣಪತ್ರಕ್ಕೆ, ಸೈಟಿಗೆ, ಸ್ಮಶಾನದ ಜಾಗಕ್ಕೆ ಕೊಟ್ಟ ಮನವಿ. ಈ ಕಾಗದಗಳನ್ನು ಪಠ್ಯವೆಂದು ಓದುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಬೆಳೆಯಬೇಕು ಎನ್ನುವುದಕ್ಕೆ ಈಗ ಇನ್ನೊಂದು ಕಾರಣ ಸೇರಿಕೊಂಡಿದೆ. ಅರ್ಜಿ ಬರೆಯುವ ಜಾಗದಲ್ಲಿ ಕಂಪ್ಯೂಟರ್ ಕೂತಿದೆ. ಅದರೊಳಗೆ ಕರಡು ತಿದ್ದುವ ತಂತ್ರಾಂಶ ಕೂತಿದೆ. ಟೈಪಿಂಗ್ ಅಂಗಡಿಯ ಹುಡುಗ ಅಕ್ಷರ ಒತ್ತುತ್ತಾ ಹೋದಂತೆ ಕೆಲವು ಪದಗಳ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಅವನು ಆ ಪದ ತೆಗೆದು, ಗೆರೆ ಬೀಳದ ಪದ ಹಾಕುತ್ತಾನೆ. ಎದುರು ನಿಂತ ಅರ್ಜಿದಾರರಿಗೆ ಅದು ಗೊತ್ತೂ ಆಗುವುದಿಲ್ಲ. ಈ ಗೆರೆ ಎಲ್ಲಿಂದ ಬಂತು? ಅದು ಯಾವುದನ್ನು ನೋಡುತ್ತದೆ, ಯಾವುದನ್ನು ನೋಡದೆ ಬಿಡುತ್ತದೆ?

ಯಂತ್ರಕ್ಕೆ ಬರುವುದು ಕನ್ನಡವಲ್ಲ, ಪಟ್ಟಿ. ಲಿಬ್ರೆ ಆಫೀಸಿನಲ್ಲಿ ಬಳಕೆಯಾಗುವ ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶವನ್ನೇ ನೋಡಿ. ಅದು ಎರಡು ಕಡತಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತದೆ. ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ಆ ಪದಗಳಿಗೆ ಯಾವ ಯಾವ ಪ್ರತ್ಯಯ ಹತ್ತಬಹುದು ಎಂಬ ನಿಯಮಗಳು. ನಾವು ಟೈಪ್ ಮಾಡಿದ ಪದ ಇವೆರಡರಿಂದ ಹುಟ್ಟುವಂತಿದ್ದರೆ ಸರಿ. ಇಲ್ಲದಿದ್ದರೆ ಕೆಂಪು ಗೆರೆ. ಪಟ್ಟಿಗೆ ಪದಗಳು ಬರುವುದು ನಿಘಂಟು, ಪತ್ರಿಕೆ, ಪಠ್ಯಪುಸ್ತಕಗಳಂಥ ಅಚ್ಚಾದ ಬರಹದಿಂದ. ಈಚಿನ ಯಂತ್ರಗಳು ಪಟ್ಟಿಯ ಬದಲು ರಾಶಿಗಟ್ಟಲೆ ವಾಕ್ಯಗಳನ್ನು ನುಂಗಿ ಮುಂದಿನ ಪದವನ್ನು ಊಹಿಸುತ್ತವೆ. ಅವು ನುಂಗುವುದೂ ಬರೆದಿಟ್ಟ ಕನ್ನಡವನ್ನೇ. ಹಾಗಾಗಿ ಕೆಂಪು ಗೆರೆ ಹೇಳುವುದು ಇಷ್ಟೇ: ಈ ಪದ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನು 'ತಪ್ಪು' ಎಂದು ಓದುವವರು ನಾವು.

ಈ ಮೂರೂ ತಾಲ್ಲೂಕುಗಳಲ್ಲಿ ದಿನಬೆಳಗಾದರೆ ಆಡುವ 'ಆತು', 'ಹೋತು'ಗಳಿಗೆ ಗೆರೆ ಬೀಳುವುದು ಹೀಗೆ. ಸಾಗರದ ಹವ್ಯಕರ ಮನೆಮಾತಿಗೂ ಗೆರೆ ಬೀಳುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಬೀಳುತ್ತದೆ. ಆದರೆ ಅವರ ಜೇಬಿನಲ್ಲಿ ಇನ್ನೊಂದು ಕನ್ನಡ ತಲೆಮಾರುಗಳಿಂದ ಇದೆ. ಮನೆಯ ಮಾತನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಕಚೇರಿಯ ಕನ್ನಡ ಒಯ್ಯಬಲ್ಲರು. ಶಾಲೆಗೆ ಮೊದಲ ತಲೆಮಾರು ಕಾಲಿಟ್ಟ ಮನೆಯಲ್ಲಿ ಇರುವುದು ಒಂದೇ ಮಾತು. ಅದಕ್ಕೇ ಗೆರೆ ಬಿದ್ದರೆ ಉಳಿಯುವುದು ಬಾಯಿ ಮುಚ್ಚಿಕೊಳ್ಳುವುದು, ಇಲ್ಲವೇ ಬೇರೆಯವರ ಕೈಗೆ ಮಾತು ಕೊಡುವುದು.

ಮಾತು ಬೇರೆಯವರ ಕೈಗೆ ಹೋದಾಗ ಏನಾಗುತ್ತದೆ? ಉದಾಹರಣೆಗೆ ಒಂದು ವಾಕ್ಯ ಇಟ್ಟುಕೊಳ್ಳೋಣ. ಒಬ್ಬ ಹಿರಿಯರು ಹೇಳುತ್ತಾರೆ: "ಅಪ್ಪನ ಕಾಲ್ದಿಂದ್ಲೂ ಕಾನಂಚಿನ ಗದ್ದೆ ನಾವೇ ಹೂಡ್ತಿದ್ವಿ, ಆಮೇಲೆ ಒಡೇರು ಬಿಡಿಸಿದ್ರು." ಟೈಪಾಗಿ ಹೊರಬರುವುದು: "ಸದರಿ ಜಮೀನಿನಿಂದ ಅರ್ಜಿದಾರರನ್ನು ತೆರವುಗೊಳಿಸಲಾಯಿತು." ಮೊದಲ ವಾಕ್ಯದ ತುಂಬ ಕೆಂಪು, ಎರಡನೆಯದು ಶುಭ್ರ. ಈಗ ಎರಡನ್ನೂ ವಿಮರ್ಶಕನ ಕಣ್ಣಿಂದ ಓದಿ. ಮೊದಲ ವಾಕ್ಯದಲ್ಲಿ ಬಿಡಿಸಿದವರು ಯಾರು ಎಂದು ಇದೆ. ಎರಡನೆಯದರಲ್ಲಿ ಇಲ್ಲ. ಕಾಲ ಹೋಯಿತು, ಅಪ್ಪ ಹೋದ, ಕಾನು ಹೋಯಿತು, ಕೊನೆಗೆ ಒಡೆಯರೂ ಹೋದರು. ಉಳಿದದ್ದು ಯಾರೂ ಮಾಡದ, ತನಗೆ ತಾನೇ ನಡೆದ ಒಂದು ತೆರವು. ಕಚೇರಿ ಕನ್ನಡದ ಕರ್ಮಣಿ ಪ್ರಯೋಗ ಅನ್ಯಾಯಕ್ಕೆ ಕರ್ತೃವೇ ಇಲ್ಲದಂತೆ ಮಾಡುತ್ತದೆ, ಮತ್ತು ಯಂತ್ರ ಅದನ್ನು ಶುದ್ಧವೆಂದು ಪಾಸು ಮಾಡುತ್ತದೆ. ಇದು ಬರೀ ಶೈಲಿಯ ಪ್ರಶ್ನೆ ಅಲ್ಲ. ಅರಣ್ಯ ಹಕ್ಕು ಕಾಯ್ದೆಯ ೨೦೦೮ರ ನಿಯಮಗಳಲ್ಲಿ ೧೩ನೆಯದು, ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ ಎನ್ನುತ್ತದೆ. ಬರಹಕ್ಕಿಳಿಯುವಾಗ ಸಾಕ್ಷಿಯ ಮಾತೇ ಸೋರಿಹೋದರೆ ಕಾನೂನು ಕೊಟ್ಟದ್ದನ್ನು ಕರಡು ತಿದ್ದುವವನು ಕಸಿದುಕೊಂಡಂತೆ. ಕಾನು, ಹಾಡಿ, ಬೆಟ್ಟ ಎಂಬವು ಮಲೆನಾಡಿನ ನೆಲದ ಬಗೆಗಳು. ೧೯೬೪ರ ಭೂಕಂದಾಯ ಕಾಯ್ದೆಯೇ ಇಂಥ ಹೆಸರುಗಳನ್ನು ಒಪ್ಪಿಕೊಂಡಿದೆ. ಪಟ್ಟಿಯಲ್ಲಿ 'ಕಾನು' ಇರದಿದ್ದರೆ ಯಂತ್ರ ಅಕ್ಷರದಲ್ಲಿ ಹತ್ತಿರದ ಪದ ಹುಡುಕಿ 'ಕಾನೂನು' ಎಂದು ಸೂಚಿಸಬಹುದು. ಕಾಡು ಹೋಗಿ ಕಾಯ್ದೆ ಬರಲು ಇನ್ನೇನು ಬೇಕು!

ಇನ್ನು ವ್ಯಾಕರಣ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಿಕೆ ಇದೆಯೇ ಎಂದು ನೋಡುವುದು ವ್ಯಾಕರಣ ಪರಿಶೀಲನೆಯ ಮೊದಲ ಪಾಠ. 'ಅವರು ಬಂದನು' ತಪ್ಪು, 'ಅವನು ಬಂದನು' ಸರಿ. ಆದರೆ ಎಪ್ಪತ್ತು ದಾಟಿದ ದಲಿತ ಹಿರಿಯರನ್ನು ಮಹಜರಿನಲ್ಲಿ 'ಅವನು' ಎಂದು, ಪಕ್ಕದ ಸಾಲಿನಲ್ಲಿ ಮೂವತ್ತು ತುಂಬದ ಜಮೀನುದಾರರನ್ನು 'ಅವರು' ಎಂದು ಬರೆದರೆ? ಎರಡೂ ವಾಕ್ಯಗಳಲ್ಲಿ ಹೊಂದಿಕೆ ಪಕ್ಕಾ ಇದೆ. ಯಂತ್ರಕ್ಕೆ ದೂರಿಲ್ಲ. ಕನ್ನಡದಲ್ಲಿ ಏಕವಚನ ಬಹುವಚನ ಎನ್ನುವುದು ಲೆಕ್ಕದ ಮಾತು ಮಾತ್ರವಾಗಿದ್ದರೆ ಇದನ್ನು ಇಲ್ಲಿಗೆ ಬಿಡಬಹುದಿತ್ತು. ಅದು ಜಾತಿಯ ಮಾತೂ ಹೌದು. 'ಬಿನ್', 'ಕೋಂ'ಗಳ ಹಿಂದೆ ಮುಂದೆ ಯಾರ ಹೆಸರಿಗೆ 'ಅಯ್ಯ', 'ಅಮ್ಮ' ಹತ್ತಿದೆ, ಯಾರದು ಬೋಳಾಗಿ ನಿಂತಿದೆ ಎಂದು ಹಳೇ ಕಾಗದಗಳನ್ನು ತೆಗೆದು ನೋಡಿದರೆ ಸಾಕು.

ಹಾಗಾದರೆ ಕಾಗುಣಿತವೇ ಬೇಡ, ಹೇಗೆ ಬರೆದರೂ ನಡೆಯುತ್ತದೆ ಎನ್ನೋಣವೇ? ಇಲ್ಲ. ಅದಕ್ಕೆ ಇದೇ ಸೀಮೆಯ ಹಸಲರು ಉತ್ತರ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ಹಸಲರು' ಎಂದಿದೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಹಸ್ಲ', 'ಹಸ್ಲರ್' ಎಂದಿದೆ. ಒಂದು ಒತ್ತಕ್ಷರದಲ್ಲಿ ಮನುಷ್ಯ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿಬಿಡುತ್ತಾನೆ. ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ೨೦೦೦ದಲ್ಲಿ ಹೇಳಿದ್ದು, ಪಟ್ಟಿಯನ್ನು ಇದ್ದ ಹಾಗೇ ಓದಬೇಕು, ಅದೂ ಇದೂ ಒಂದೇ ಎಂದು ಸೇರಿಸಿಕೊಳ್ಳುವ ಹಾಗಿಲ್ಲ ಎಂದು. ಅದೇ ಪರಿಶಿಷ್ಟ ಜಾತಿಗಳ ಪಟ್ಟಿ ಹೊಲೆಯರ ಹೆಸರನ್ನು ಮಾತ್ರ 'ಹೊಲಯ', 'ಹೊಲೆರ್', 'ಹೊಲೆಯ' ಎಂದು ಮೂರು ಬಗೆಯಲ್ಲಿ ಬರೆದುಕೊಂಡಿದೆ. ಒಂದು ಹೆಸರಿಗೆ ಒಂದೇ ಕಾಗುಣಿತ ಎಂಬ ಹಟ ಅಲ್ಲಿ ಇಲ್ಲ. ನಿಘಂಟಿಗೆ ಇರದ ಉದಾರತೆ ಒಂದು ಕಡೆ, ಒಂದು ಅಕ್ಷರಕ್ಕೂ ಬಾಗದ ಬಿಗಿ ಇನ್ನೊಂದು ಕಡೆ. ಎಲ್ಲಿ ಯಾವುದು ನಡೆಯುತ್ತದೆ ಎಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಬರೆಯುವವರಿಗೆ ಗೊತ್ತಿರಬೇಕು.

ತೀರ್ಥಹಳ್ಳಿಯ ನೆಲದಿಂದ ಬಂದ ಎರಡು ದೊಡ್ಡ ಕಾದಂಬರಿಗಳನ್ನೂ ಈ ಬೆಳಕಿನಲ್ಲಿ ನೋಡಬಹುದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ೧೯೬೭ರದು. ಅದರಲ್ಲಿ ಸಿಂಬಾವಿ ಹೆಗ್ಗಡೆಯವರ ಹೊಲೆಯಾಳು ನಾಯಿಗುತ್ತಿ ತನ್ನ ಮಾತನ್ನೇ ಆಡುತ್ತಾನೆ. ನಿರೂಪಕ ಸಂಸ್ಕೃತದ ಉದ್ದುದ್ದ ಸಮಾಸ ಕಟ್ಟುತ್ತಾನೆ. ಪಟ್ಟಿಯ ಯಂತ್ರ ಗುತ್ತಿಯ ಮಾತಿಗೂ ಆ ಸಮಾಸಕ್ಕೂ ಒಂದೇ ಬಗೆಯ ಗೆರೆ ಎಳೆಯುತ್ತದೆ. ಎರಡೂ ಅದರ ಪಟ್ಟಿಯಲ್ಲಿ ಇಲ್ಲ. ಆದರೆ ನಾವು ಸಮಾಸದ ಗೆರೆಯನ್ನು ನೋಡಿ 'ಯಂತ್ರಕ್ಕೆ ಪಾಂಡಿತ್ಯ ಸಾಲದು' ಎನ್ನುತ್ತೇವೆ. ಗುತ್ತಿಯ ಗೆರೆಯನ್ನು ನೋಡಿ 'ಅಶುದ್ಧ' ಎನ್ನುತ್ತೇವೆ. ಜಾತಿ ಇರುವುದು ಗೆರೆಯಲ್ಲಿ ಮಾತ್ರ ಅಲ್ಲ, ಗೆರೆಯನ್ನು ಓದುವ ಕಣ್ಣಿನಲ್ಲೂ ಇದೆ. ಯು.ಆರ್. ಅನಂತಮೂರ್ತಿಯವರ 'ಭಾರತೀಪುರ' ೧೯೭೩ರದು, ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದು ಕರೆದು ನಾಡೆಲ್ಲ ಗಲಾಟೆಯಾದದ್ದೂ ಅದೇ ವರ್ಷ. ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುವ ಜಗನ್ನಾಥ ಅಲ್ಲಿ ಬಹಳ ಯೋಚಿಸುತ್ತಾನೆ, ಬಹಳ ಮಾತಾಡುತ್ತಾನೆ. ಹೊಲೆಯರು ಮಾತಾಡುವುದು ಕಮ್ಮಿ. ಆಡದ ಮಾತಿಗೆ ಕೆಂಪು ಗೆರೆಯೂ ಬೀಳುವುದಿಲ್ಲ. ತಪ್ಪಿಲ್ಲದ ಕರಡು ಎಂದರೆ ನಮ್ಮವರು ಬಾಯಿ ಬಿಡದ ಕರಡು ಎಂದೂ ಆಗಬಹುದು.

ಶುದ್ಧ ಅಶುದ್ಧದ ಈ ಕಟ್ಟಳೆ ಎಷ್ಟು ಹಳೆಯದು? ೧೩ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಶ್ರೀ ಸಿರಿಯಾಗುವುದು, ಆಕಾಶ ಆಗಸವಾಗುವುದು, ಭಕ್ತ ಬಕುತನಾಗುವುದು ಇವೆಲ್ಲ ವ್ಯಾಕರಣದೊಳಗೇ ಇವೆ. ಬಿ.ಎಲ್. ರೈಸ್ ೧೯೦೪ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೇ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳ ಶಾಸನಗಳದು. ಕನ್ನಡದ ಶಾಸನಗಳಲ್ಲಿ 'ಶಕ ವರ್ಷ' ಎಷ್ಟೋ ಸಲ 'ಸಕ ವರುಷ' ಎಂದೇ ಇದೆ. ಕಲ್ಲಿನಲ್ಲಿದ್ದರೆ ಅದು ಚರಿತ್ರೆ. ಕೇರಿಯ ಹುಡುಗಿ ನೋಟ್‌ಬುಕ್ಕಿನಲ್ಲಿ 'ವರುಸ' ಎಂದು ಬರೆದರೆ ಕೆಂಪು ಶಾಯಿ. ಡಿ.ಎನ್. ಶಂಕರ ಭಟ್ಟರು ೨೦೦೫ರ 'ಕನ್ನಡ ಬರಹವನ್ನು ಸರಿಪಡಿಸೋಣ' ಪುಸ್ತಕದಲ್ಲಿ, ಬಹುಪಾಲು ಕನ್ನಡಿಗರು ಉಚ್ಚರಿಸದ ಮಹಾಪ್ರಾಣದಂಥ ಅಕ್ಷರಗಳನ್ನು ಬರಹದಿಂದ ಬಿಡಬೇಕೆಂದು ವಾದಿಸಿದರು. ವಾದದಲ್ಲಿ ಹುರುಳಿದೆ. ಆದರೆ ಬಿಡುವುದಾದರೆ ಮೊದಲು ಬಿಡಬೇಕಾದವರು ಅಕ್ಷರ ಕೈಯಲ್ಲಿದ್ದವರು. ನಮ್ಮ ಮಕ್ಕಳು ಮೊದಲು ಬಿಟ್ಟರೆ ಪರೀಕ್ಷೆಯಲ್ಲಿ ನಂಬರು ಹೋಗುತ್ತದೆ, ಅಷ್ಟೆ.

ಇನ್ನೊಂದು ಅಪಾಯ ಹೊಗಳಿಕೆಯ ರೂಪದಲ್ಲಿ ಬರುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ' ಓದಲು ಕಷ್ಟ ಎಂದು ದೂರಿದವರಿದ್ದರು. ೧೯೯೦ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಲಿತರ ಭಾಷೆಯ 'ನೆಲದ ಸೊಗಡು' ಈಗ ಸೆಮಿನಾರುಗಳ ಮಾಮೂಲು ಮಾತು. ಸೊಗಡನ್ನು ಹೊಗಳುವವರು ತಮ್ಮ ಮಗನ ಉದ್ಯೋಗದ ಅರ್ಜಿಯನ್ನು ಸೊಗಡಿನಲ್ಲಿ ಬರೆಸುವುದಿಲ್ಲ. ಕತೆಯಲ್ಲಿ ಮಹಾದೇವರು ಮಾಡಿದ್ದು ಆಯ್ಕೆ. ಅಕ್ಷರ ಸಿಗದೆ ಆದ ತಪ್ಪು ಆಯ್ಕೆಯಲ್ಲ. ಎರಡನ್ನೂ ಒಂದೇ ಹಾರದಲ್ಲಿ ಪೋಣಿಸಿ ನಮ್ಮ ಕೊರಳಿಗೆ ಹಾಕುವುದು ಬೇಡ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಎದ್ದದ್ದು ಅಳತೆಯ ವಿಷಯಕ್ಕೆ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರ ಮನೆಯದು, ನ್ಯಾಯದ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪನವರ ಜೊತೆ ನಿಂತ ದೀವರು ಅಳತೆಯೇ ಬೇಡ ಎನ್ನಲಿಲ್ಲ. ಅಳತೆ ಸರಿಯಿರಲಿ ಎಂದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಈ ಕೊಳಗಕ್ಕಾಗಿಯೇ. ಆ ಹೋರಾಟದ ಎಲ್ಲೆಯನ್ನೂ ನಾವು ಮರೆಯಬಾರದು. ಅದು ಗೇಣಿ ಇದ್ದವರ ಹೋರಾಟ. ಗೇಣಿಯೂ ಇಲ್ಲದೆ ಜೀತಕ್ಕಿದ್ದ ದಲಿತರಿಗೆ ಅಳೆದು ಕೊಡಲು ಭತ್ತವೇ ಇರಲಿಲ್ಲ. ಹೀಗಿದ್ದೂ ಕಾಗೋಡು ಕಲಿಸಿದ ಪಾಠ ಇಲ್ಲಿಗೆ ಸಲ್ಲುತ್ತದೆ. ತಂತ್ರಾಂಶ ಒಂದು ಕೊಳಗ. ಅದನ್ನು ಒಡೆದು ಹಾಕಬೇಕಾಗಿಲ್ಲ. ಅದು ಯಾರ ಮನೆಯದು, ಎಷ್ಟು ಹಿಡಿಯುತ್ತದೆ ಎಂದು ಕೇಳಬೇಕು.

ಕೇಳುವುದರ ಜೊತೆಗೆ ಮಾಡಬಹುದಾದದ್ದೂ ಇದೆ. ಮುಕ್ತ ತಂತ್ರಾಂಶದ ಪದಪಟ್ಟಿಗೆ ಯಾರು ಬೇಕಾದರೂ ಪದ ಸೇರಿಸಬಹುದು. ನಮ್ಮ ಊರು, ಕೇರಿ, ಕುಲ, ಬೆಳೆ, ನೆಲದ ಹೆಸರುಗಳನ್ನು ಹಳ್ಳಿವಾರು ಬರೆದು ಸೇರಿಸುವ ಕೆಲಸವನ್ನು ಈ ಮೂರು ತಾಲ್ಲೂಕುಗಳ ಕಾಲೇಜು ಹುಡುಗ ಹುಡುಗಿಯರು ಒಂದು ರಜೆಯಲ್ಲಿ ಶುರುಮಾಡಬಹುದು. ಜಾತಿಯ ಹೆಸರನ್ನು ಯಂತ್ರದ ಸೂಚನೆ ನೋಡಿ ಬದಲಿಸುವುದು ಬೇಡ. ಸರ್ಕಾರದ ಪಟ್ಟಿ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಬರೆಯಬೇಕು. ಹಿರಿಯರ ಹೇಳಿಕೆ ಬರೆದುಕೊಳ್ಳುವಾಗ ತಿದ್ದುವ ಸೌಲಭ್ಯವನ್ನು ನಿಲ್ಲಿಸಿ, ಅವರು ಆಡಿದ ಹಾಗೇ ಇಳಿಸಬೇಕು. ಕಚೇರಿ ಕನ್ನಡದ ಪ್ರತಿ ಬೇಕಿದ್ದರೆ ಅದು ಬೇರೆ ಹಾಳೆ. ಸಹಿ ಅಥವಾ ಹೆಬ್ಬೆಟ್ಟಿನ ಮುಂಚೆ ಇಡೀ ಕಾಗದವನ್ನು ಅವರೆದುರು ಗಟ್ಟಿಯಾಗಿ ಓದಬೇಕು. ಓದುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳೋಣ: ಬಿಡಿಸಿದವರ ಹೆಸರು ಇದೆಯಾ? ಬಿಟ್ಟವರಿಗೆ 'ಅವರು' ಎಂದು ಇದೆಯಾ?