ಒಂದು ತೈಲವರದಿಯ ತಾತ್ಪರ್ಯನಿರ್ಣಯ

೧

ಕಾವ್ಯ, ಶಾಸ್ತ್ರ, ಶಾಸನಗಳ ವಿಮರ್ಶೆಗೆ ಮೀಸಲಾದ ಈ ಪತ್ರಿಕೆಯಲ್ಲಿ ಕಲ್ಲೆಣ್ಣೆಯ ಹಣವನ್ನು ಕುರಿತ ವರದಿಯೊಂದಕ್ಕೆ ಸ್ಥಳವೇಕೆಂದು ವಾಚಕಮಹಾಶಯರಲ್ಲಿ ಕೆಲವರಿಗೆ ಸಂಶಯವುಂಟಾಗಬಹುದು. ‘ಇದನ್ನು ಮಾಡತಕ್ಕದ್ದು’ ಎಂದು ವಿಧಿಸುವ ಗ್ರಂಥವು ಯಾವ ಭಾಷೆಯದಾದರೂ ಯಾವ ವಿಷಯದ್ದಾದರೂ ಅದರ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ನಮ್ಮ ಮೀಮಾಂಸಕರು ಕಂಡುಕೊಂಡ ಮಾರ್ಗವು ಸಮರ್ಥವಾಗಿದೆಯೆಂಬುದೇ ಆ ಸಂಶಯಕ್ಕೆ ಸಮಾಧಾನ. ಲಂಡನ್ ನಗರದ ‘ಗ್ಲೋಬಲ್ ವಿಟ್ನೆಸ್’ ಎಂಬ ಲೋಕೋಪಕಾರ ಸಂಸ್ಥೆಯು ೧೯೯೯ನೆಯ ಇಸವಿಯ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಎ ಕ್ರೂಡ್ ಅವೇಕನಿಂಗ್’ ಎಂಬ ವರದಿಯು ಅಂತಹದೊಂದು ವಿಧಿಗ್ರಂಥ. ಪರದೇಶದಲ್ಲಿ ಎಣ್ಣೆಯನ್ನು ತೆಗೆಯುವ ಕಂಪೆನಿಗಳು ಅಲ್ಲಿಯ ಸರಕಾರಕ್ಕೆ ತಾವು ಕೊಟ್ಟ ಹಣವನ್ನು ಲೋಕಕ್ಕೆ ಪ್ರಕಟಪಡಿಸತಕ್ಕದ್ದೆಂಬುದು ಅದರ ವಿಧಿ. ಮುಂದಿನ ಕಾಲು ಶತಮಾನದಲ್ಲಿ ಈ ವಿಧಿಯು ಹಲವು ರಾಜ್ಯಗಳ ಕಾನೂನಾಗಿ ಪರಿಣಮಿಸಿತು. ಅದು ಸಾಧಿಸಿದುದೇನು, ಸಾಧಿಸಲಾರದೆ ಹೋದುದೇನು, ಆ ನ್ಯೂನತೆಯ ಬೀಜವು ಮೂಲವರದಿಯಲ್ಲಿಯೇ ಇದ್ದಿತೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವರದಿಯ ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳುವೆವು. ಸಂಸ್ಥೆಯು ೧೯೯೩ರಲ್ಲಿ ಚಾರ್ಮಿಯನ್ ಗೂಚ್, ಪ್ಯಾಟ್ರಿಕ್ ಆಲಿ, ಸೈಮನ್ ಟೇಲರ್ ಎಂಬ ಮೂವರಿಂದ ಸ್ಥಾಪಿತವಾಯಿತು. ಕಾಂಬೋಡಿಯದ ಕಾಡಿನ ಮರವು ಗಡಿಯನ್ನು ದಾಟಿ ಥಾಯ್‌ಲೆಂಡಿಗೆ ಸಾಗುತ್ತಿದ್ದುದನ್ನೂ, ಅದರ ಹಣದಿಂದ ಖ್ಮೇರ್ ರೂಜ್ ಎಂಬ ಕ್ರೂರಪಕ್ಷವು ತನ್ನ ಸೈನ್ಯವನ್ನು ಸಾಕುತ್ತಿದ್ದುದನ್ನೂ ಇವರು ಮರದ ವ್ಯಾಪಾರಿಗಳ ವೇಷದಲ್ಲಿ ಹೋಗಿ ಕಂಡು ೧೯೯೫ರಲ್ಲಿ ಲೋಕಕ್ಕೆ ತಿಳಿಸಿದರು. ಅನಂತರ ಅವರ ದೃಷ್ಟಿಯು ಆಫ್ರಿಕಾ ಖಂಡದ ಅಂಗೋಲ ದೇಶದ ಮೇಲೆ ಬಿದ್ದಿತು. ೧೯೭೫ರಲ್ಲಿ ಸ್ವಾತಂತ್ರ್ಯವನ್ನು ಪಡೆದ ಆ ದೇಶವು ಅದೇ ವರ್ಷದಿಂದ ೨೦೦೨ರವರೆಗೆ ಅಂತಃಕಲಹದಲ್ಲಿ ಬೆಂದುಹೋಯಿತು. ಲುವಾಂಡ ನಗರದ ಸರಕಾರಕ್ಕೆ ಸಮುದ್ರದಡಿಯ ಎಣ್ಣೆಯೂ, ಅದಕ್ಕೆ ಎದುರುಬಿದ್ದ ಉನಿಟಾ ಪಕ್ಷಕ್ಕೆ ನೆಲದ ವಜ್ರವೂ ಯುದ್ಧದ ಬೊಕ್ಕಸವಾಗಿದ್ದುವು. ವಜ್ರವನ್ನು ಕುರಿತು ೧೯೯೮ರಲ್ಲಿ ‘ಎ ರಫ್ ಟ್ರೇಡ್’ ಎಂಬ ವರದಿಯೂ, ಎಣ್ಣೆಯನ್ನು ಕುರಿತು ಮಾರನೆಯ ವರ್ಷ ಪ್ರಕೃತ ವರದಿಯೂ ಹೊರಬಂದುವು.

ಎರಡರ ಹೆಸರುಗಳಲ್ಲಿಯೂ ಶ್ಲೇಷವಿರುವುದನ್ನು ಸಹೃದಯರು ಗಮನಿಸದೆ ಇರಲಾರರು. ‘ರಫ್’ ಎಂದರೆ ಸಾಣೆಯನ್ನು ಕಾಣದ ವಜ್ರ, ಒರಟುತನವೂ ಹೌದು. ‘ಕ್ರೂಡ್’ ಎಂದರೆ ಶೋಧಿಸದ ಎಣ್ಣೆ, ಅಸಂಸ್ಕೃತವೆಂದೂ ಅರ್ಥ. ಮೇಲಾಗಿ, ನಿದ್ರಿಸುವವನನ್ನು ಒರಟಾಗಿ ಎಬ್ಬಿಸುವುದನ್ನು ಹೇಳುವ ಆಂಗ್ಲರ ನುಡಿಗಟ್ಟೊಂದು ಆ ಶಬ್ದದಲ್ಲಿ ಧ್ವನಿಸುತ್ತದೆ. ವ್ಯವಹಾರದ ವರದಿಗೆ ಶ್ಲೇಷವೇಕೆಂದು ಆಕ್ಷೇಪಿಸಬಹುದಾದರೂ, ಇಲ್ಲಿ ಅದು ಕೇವಲ ಅಲಂಕಾರವೆನಿಸದು. ಎಬ್ಬಿಸತಕ್ಕದ್ದು ಯಾರನ್ನು ಎಂಬ ಪ್ರಶ್ನೆಯನ್ನು ಅದು ಹೆಸರಿನಲ್ಲಿಯೇ ಎತ್ತುತ್ತದೆ. ನಮ್ಮ ವಿಚಾರವೂ ಕಡೆಗೆ ಅಲ್ಲಿಗೇ ಬಂದು ನಿಲ್ಲುವುದು.

೩

ಇನ್ನು ಪ್ರಮಾಣವಿಚಾರ. ಕಾಂಬೋಡಿಯದ ಗಡಿಯಲ್ಲಿ ಸಂಸ್ಥೆಗೆ ಪ್ರತ್ಯಕ್ಷಪ್ರಮಾಣವೇ ದೊರೆತಿದ್ದಿತು. ಮರದ ದಿಮ್ಮಿಯನ್ನು ಬಚ್ಚಿಡುವುದು ಸುಲಭವಲ್ಲ. ಆದರೆ ಎಣ್ಣೆಯ ಹಣವು ಒಂದು ಬ್ಯಾಂಕಿನ ಲೆಕ್ಕದಿಂದ ಮತ್ತೊಂದರ ಲೆಕ್ಕಕ್ಕೆ ಹೋಗುವುದನ್ನು ಯಾವ ವೇಷಧಾರಿಯೂ ಕಣ್ಣಿನಿಂದ ನೋಡಲಾರನು. ಆದಕಾರಣ ಈ ವರದಿಯು ಶಬ್ದವನ್ನೂ ಅನುಮಾನವನ್ನೂ ಆಶ್ರಯಿಸಬೇಕಾಯಿತು. ಹೊಸ ತೈಲಕ್ಷೇತ್ರಗಳ ಒಪ್ಪಂದಕ್ಕೆ ರುಜು ಹಾಕುವಾಗ ಕಂಪೆನಿಗಳು ಸರಕಾರಕ್ಕೆ ಒಂದೇ ಸಲಕ್ಕೆ ಕೊಡುವ ರುಜುಕಾಣಿಕೆಯೊಂದುಂಟು. ಅಂಗೋಲದ ಆಳಸಮುದ್ರದ ೩೧, ೩೨, ೩೩ನೆಯ ಕ್ಷೇತ್ರಗಳಿಗಾಗಿ ಹೀಗೆ ಸಂದ ಹಣವು ೮೫ ಕೋಟಿ ಡಾಲರುಗಳಿಗೂ ಮಿಕ್ಕಿದ್ದಿತು. ಇಂತಹ ಹಣವು ಯುದ್ಧಕ್ಕೂ, ಅಧಿಕಾರದಲ್ಲಿದ್ದ ಕೆಲವರ ಸ್ವಾರ್ಥಕ್ಕೂ ಹರಿಯಿತೆಂಬುದು ವರದಿಯ ಆರೋಪ.

ಇದಕ್ಕೆ ಕೊಟ್ಟಿರುವ ಶಬ್ದಪ್ರಮಾಣವು ಬಹುಮಟ್ಟಿಗೆ ಹೆಸರಿಲ್ಲದ ಸಾಕ್ಷಿಗಳದು. ಆಪ್ತನ ವಾಕ್ಯವೇ ಪ್ರಮಾಣವೆಂದು ನೈಯಾಯಿಕರು ಹೇಳುವರಷ್ಟೆ. ಹೆಸರೇ ತಿಳಿಯದವನ ಆಪ್ತತ್ವವನ್ನು ವಾಚಕನು ಪರೀಕ್ಷಿಸುವುದು ಹೇಗೆ? ಸಾಕ್ಷಿಯ ಪ್ರಾಣರಕ್ಷಣೆಗಾಗಿ ಹೆಸರನ್ನು ಮುಚ್ಚಿದುದು ನ್ಯಾಯವೇ ಆದರೂ, ಪ್ರಮಾಣದೃಷ್ಟಿಯಿಂದ ಅದು ದೋಷವೆಂಬುದನ್ನು ಮರೆಮಾಚಬಾರದು. ಎಲ್ಲವನ್ನೂ ಬಯಲು ಮಾಡಿರೆಂದು ಇತರರಿಗೆ ವಿಧಿಸುವ ಗ್ರಂಥವು ತನ್ನ ಆಧಾರವನ್ನು ತಾನೇ ಬಯಲು ಮಾಡಲಾರದ ಸ್ಥಿತಿಯಲ್ಲಿದ್ದುದು ಓದುಗನನ್ನು ಚುಚ್ಚುತ್ತದೆ.

ಆದರೆ ಕಾಲವು ವರದಿಯ ಪಕ್ಷವನ್ನೇ ವಹಿಸಿತು. ೨೦೦೧ರಲ್ಲಿ ಬಿ. ಪಿ. ಕಂಪೆನಿಯು ೩೧ನೆಯ ಕ್ಷೇತ್ರಕ್ಕಾಗಿ ತಾನು ೧೧ ಕೋಟಿ ೧೦ ಲಕ್ಷ ಡಾಲರುಗಳ ರುಜುಕಾಣಿಕೆಯನ್ನು ಕೊಟ್ಟುದಾಗಿ ಪ್ರಕಟಿಸಿತು. ೨೦೦೪ರಲ್ಲಿ ‘ಹ್ಯೂಮನ್ ರೈಟ್ಸ್ ವಾಚ್’ ಎಂಬ ಬೇರೊಂದು ಸಂಸ್ಥೆಯು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಕಾಗದಪತ್ರಗಳನ್ನು ಆಧಾರವಾಗಿಟ್ಟುಕೊಂಡು, ೧೯೯೭ರಿಂದ ೨೦೦೨ರವರೆಗಿನ ಅವಧಿಯಲ್ಲಿ ಅಂಗೋಲ ಸರಕಾರದ ೪೨೨ ಕೋಟಿ ಡಾಲರುಗಳಿಗೆ ಲೆಕ್ಕವೇ ಇಲ್ಲವೆಂದು ತೋರಿಸಿತು. ಆಗ ಆ ದೇಶದ ಶಿಶುಮರಣವು ಲೋಕದಲ್ಲಿಯೇ ಅತ್ಯಧಿಕವಾದವುಗಳ ಸಾಲಿನಲ್ಲಿದ್ದಿತೆಂಬುದನ್ನು ನೆನೆದರೆ ಈ ಅಂಕಿಯ ಭಾರವು ವೇದ್ಯವಾಗುವುದು.

೪

ತಾತ್ಪರ್ಯನಿರ್ಣಯಕ್ಕೆ ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳು ಪ್ರಸಿದ್ಧವಾಗಿವೆ. ವರದಿಯು ತನ್ನ ಉಪಶೀರ್ಷಿಕೆಯಲ್ಲಿಯೇ ಅಂಗೋಲದ ಕಲಹದಲ್ಲಿಯೂ ರಾಜ್ಯಸ್ವತ್ತಿನ ಲೂಟಿಯಲ್ಲಿಯೂ ತೈಲೋದ್ಯಮ ಮತ್ತು ಬ್ಯಾಂಕುಗಳ ಪಾತ್ರವನ್ನು ಹೆಸರಿಸಿ, ಉಪಸಂಹಾರದಲ್ಲಿ ಅದೇ ತೈಲಕಂಪೆನಿಗಳನ್ನು ಕುರಿತು ‘ನೀವು ಕೊಡುವುದನ್ನು ಪ್ರಕಟಿಸಿರಿ’ ಎಂದು ವಿಧಿಸುತ್ತದೆ. ಆದ್ದರಿಂದ ಮೊದಲಿಗೂ ಕೊನೆಗೂ ಏಕವಾಕ್ಯತೆಯುಂಟು. ನಡುವೆ ಬರುವ ನಿಂದೆಯು ಹೇರಳವಾದುದು. ಕೆಲವೆಡೆ ಅದು ಮಿತಿಯನ್ನು ಮೀರಿತೆಂದೇ ತೋರುತ್ತದೆ. ಆದರೆ ನಿಂದೆಯ ತಾತ್ಪರ್ಯವು ನಿಂದ್ಯದಲ್ಲಿರದೆ ವಿಧೇಯದ ಸ್ತುತಿಯಲ್ಲಿರುವುದೆಂದು ‘ನಹಿನಿಂದಾ’ ನ್ಯಾಯದಲ್ಲಿ ಪ್ರತಿಪಾದಿತವಾಗಿದೆಯಷ್ಟೆ. ಆ ನ್ಯಾಯದಿಂದ ನೋಡಿದರೆ ಅಂಗೋಲದ ಪ್ರಭುಗಳ ನಿಂದೆಯು ಪ್ರಕಟನವಿಧಿಗೆ ಶೇಷವಾದ ಅರ್ಥವಾದವೆಂದೇ ಹೇಳಬೇಕು.

ವರದಿಯ ಹಿರಿಮೆಯಿರುವುದು ಅಪೂರ್ವತೆಯಲ್ಲಿ. ಹಣವನ್ನು ನುಂಗಿದವನನ್ನೇ ಲೆಕ್ಕ ಕೇಳುವುದು ಲೋಕರೂಢಿ. ಅಂಗೋಲದಲ್ಲಿ ಆ ಮಾರ್ಗವು ಮುಚ್ಚಿದ್ದಿತು, ಕೇಳಿದವರಿಗೆ ಉತ್ತರವಿರಲಿಲ್ಲ. ಹೀಗಿರಲಾಗಿ ವರದಿಯು ಪಡೆದವನನ್ನು ಬಿಟ್ಟು, ತಮ್ಮ ದೇಶದ ಕಾನೂನಿಗೆ ಬದ್ಧರಾದ, ಷೇರುದಾರರಿಗೆ ಉತ್ತರ ಹೇಳಬೇಕಾದ ಕೊಟ್ಟವರನ್ನು ನಿಯೋಜ್ಯರನ್ನಾಗಿ ಮಾಡಿತು. ಒಂದೇ ನಾಣ್ಯವು ಎರಡು ಕೈಗಳನ್ನು ಮುಟ್ಟುವುದರಿಂದ, ಒಂದು ಕೈಯ ಲೆಕ್ಕವು ತಿಳಿದರೆ ಮತ್ತೊಂದರದು ಅರ್ಥಾಪತ್ತಿಯಿಂದ ತಾನಾಗಿಯೇ ಸಿದ್ಧಿಸುವುದು. ಉಪಪತ್ತಿಯೂ ಇದೇ.

ಈ ವಿಧಿಯ ಮೊದಲನೆಯ ಅನುಷ್ಠಾನವೇ ಅದರ ಬಲವನ್ನೂ ದೌರ್ಬಲ್ಯವನ್ನೂ ತೋರಿಸಿಕೊಟ್ಟಿತು. ಪಾವತಿಗಳನ್ನು ಪ್ರಕಟಿಸುವುದಾಗಿ ಬಿ. ಪಿ. ಹೇಳಿದೊಡನೆ ಅಂಗೋಲದ ಸರಕಾರಿ ತೈಲಸಂಸ್ಥೆಯಾದ ಸೋನಾಂಗೋಲ್, ಒಪ್ಪಂದವನ್ನು ರದ್ದುಪಡಿಸುವೆವೆಂದು ಬೆದರಿಸಿ ಪತ್ರ ಬರೆದು ಅದರ ಪ್ರತಿಗಳನ್ನು ಇತರ ಕಂಪೆನಿಗಳಿಗೂ ಕಳುಹಿಸಿತು. ಒಬ್ಬನೇ ಸತ್ಯವನ್ನಾಡಿದರೆ ಅವನೊಬ್ಬನೇ ನಷ್ಟಪಡುವನು, ಎಲ್ಲರೂ ಆಡಲೇಬೇಕೆಂಬ ನಿಯಮವಿದ್ದರೆ ಯಾರಿಗೂ ನಷ್ಟವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ೨೦೦೨ರಲ್ಲಿ ಹಲವು ಸಂಘಗಳು ಕೂಡಿ ವರದಿಯ ಉಪಸಂಹಾರವಾಕ್ಯವನ್ನೇ ಹೆಸರಾಗಿಟ್ಟುಕೊಂಡ ‘ಪಬ್ಲಿಷ್ ವಾಟ್ ಯು ಪೇ’ ಎಂಬ ಚಳವಳಿಯನ್ನು ಹೂಡಿದುವು. ಅದೇ ವರ್ಷ ಜೊಹಾನೆಸ್‌ಬರ್ಗಿನ ಸಮ್ಮೇಳನದಲ್ಲಿ ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಅವರು ಸಾರಿದ, ೨೦೦೩ರಲ್ಲಿ ಹನ್ನೆರಡು ತತ್ತ್ವಗಳೊಡನೆ ರೂಪುಗೊಂಡ ಗಣಿಗಾರಿಕೆಯ ಪಾರದರ್ಶಕತಾ ವ್ಯವಸ್ಥೆಯಲ್ಲಿ ಕಂಪೆನಿಯು ‘ಇಷ್ಟು ಕೊಟ್ಟೆ’ನೆಂದು, ಸರಕಾರವು ‘ಇಷ್ಟು ಪಡೆದೆ’ನೆಂದು ಬೇರೆಬೇರೆಯಾಗಿ ಹೇಳಬೇಕು, ಮಧ್ಯಸ್ಥನು ಎರಡನ್ನೂ ತಾಳೆನೋಡಬೇಕು. ೨೦೧೦ರಲ್ಲಿ ಅಮೆರಿಕವೂ, ೨೦೧೩ರಲ್ಲಿ ಐರೋಪ್ಯ ಒಕ್ಕೂಟವೂ, ೨೦೧೪ರಲ್ಲಿ ಕೆನಡವೂ ಪ್ರಕಟನವನ್ನು ಕಾನೂನಾಗಿಸಿದುವು. ಅಮೆರಿಕದ ನಿಯಮವು ಮಾತ್ರ ೨೦೧೩ರಲ್ಲಿ ನ್ಯಾಯಾಲಯದಿಂದಲೂ ೨೦೧೭ರಲ್ಲಿ ಶಾಸನಸಭೆಯಿಂದಲೂ ಬಿದ್ದುಹೋಗಿ, ೨೦೨೦ರಲ್ಲಿ ಮೂರನೆಯ ಬಾರಿ ರಚಿತವಾಯಿತು.

೫

ಇಷ್ಟರಿಂದ ವಿಧಿಯು ಸಫಲವಾಯಿತೆಂಬುದು ಪೂರ್ವಪಕ್ಷ. ನಮಗೆ ಇದು ಸಮ್ಮತವಲ್ಲ.

ವಿಧಿಯು ಉತ್ಪತ್ತಿ, ವಿನಿಯೋಗ, ಪ್ರಯೋಗ, ಅಧಿಕಾರವೆಂದು ನಾಲ್ಕು ಬಗೆ. ‘ಪ್ರಕಟಿಸಿರಿ’ ಎಂಬುದು ಉತ್ಪತ್ತಿವಿಧಿ. ಹೇಗೆ, ಯಾವಾಗ, ಎಷ್ಟೆಂಬ ಪ್ರಯೋಗವಿಧಿಯನ್ನು ಇಪ್ಪತ್ತು ವರ್ಷಗಳ ಪರಿಶ್ರಮವು ಅತ್ಯಂತ ಸೂಕ್ಷ್ಮವಾಗಿ ವಿಸ್ತರಿಸಿದೆ. ಒಂದು ಲಕ್ಷ ಯೂರೋ ಮುಟ್ಟಿದ ಪಾವತಿಯನ್ನೆಲ್ಲ ಯೋಜನೆವಾರಾಗಿ ಬರೆಯಬೇಕೆನ್ನುವಷ್ಟು ದೂರ ಐರೋಪ್ಯ ಕಾನೂನು ಹೋಗಿದೆ. ಆದರೆ ಈ ಪ್ರಕಟನದ ಫಲಕ್ಕೆ ಸ್ವಾಮಿಯು ಯಾರು, ಅಂಕಿಯನ್ನು ಕೈಯಲ್ಲಿ ಹಿಡಿದು ‘ಇದೆಲ್ಲಿ ಹೋಯಿತು?’ ಎಂದು ಕೇಳಬಲ್ಲವನು ಯಾರು ಎಂಬ ಅಧಿಕಾರವಿಧಿಯು ವರದಿಯಲ್ಲಿ ಕೃಶವಾಗಿಯೇ ಉಳಿಯಿತು. ಲೆಕ್ಕವು ಬಯಲಾದರೆ ಅಂಗೋಲದ ಪ್ರಜೆಯು ಎಚ್ಚತ್ತು ಕೇಳುವನೆಂದು ವರದಿಯು ಊಹಿಸುತ್ತದೆ. ಯುದ್ಧದಲ್ಲಿ ಮನೆಮಠಗಳನ್ನು ಕಳೆದುಕೊಂಡವನು, ೧೯೭೯ರಿಂದ ೨೦೧೭ರವರೆಗೆ ಒಬ್ಬನೇ ಅಧ್ಯಕ್ಷನನ್ನು ಕಂಡ ದೇಶದವನು, ಲಂಡನ್ನಿನಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟವಾದ ಅಂಕಿಯನ್ನು ಹಿಡಿದು ಯಾರ ಬಾಗಿಲನ್ನು ತಟ್ಟಬೇಕು?

ಇಲ್ಲಿ ಕೌಟಿಲ್ಯನನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಶೋಧಿಸಿ ೧೯೦೯ರಲ್ಲಿ ಮುದ್ರಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಧನದ ಅಪಹಾರವು ನಲವತ್ತು ಬಗೆಯೆಂದು ಎಣಿಸಲಾಗಿದೆ. ಶಂಕೆಯುಂಟಾದರೆ ಪಡೆದವನನ್ನೂ, ಕೊಟ್ಟವನನ್ನೂ, ಕೊಡಿಸಿದವನನ್ನೂ, ಬರೆದವನನ್ನೂ ಒಬ್ಬೊಬ್ಬನನ್ನಾಗಿ ವಿಚಾರಿಸಬೇಕೆಂದೂ, ಆ ಅಧಿಕಾರಿಯಿಂದ ನೊಂದವರು ಬಂದು ಹೇಳಿಕೊಳ್ಳಲೆಂದು ನಾಡಿನಲ್ಲಿ ಸಾರಿಸಬೇಕೆಂದೂ, ಹೇಳಿಕೊಂಡವರಿಗೆ ಅವರ ನಷ್ಟವನ್ನು ತುಂಬಿಕೊಡಬೇಕೆಂದೂ ಅಲ್ಲಿ ವಿಧಾನವುಂಟು. ಕೊಟ್ಟವನನ್ನು ಕೇಳುವ ಉಪಾಯವು ಆದಕಾರಣ ಸರ್ವಥಾ ನೂತನವಲ್ಲ. ಆದರೆ ಕೌಟಿಲ್ಯನಲ್ಲಿ ವಿಚಾರಣೆ, ಘೋಷಣೆ, ಪರಿಹಾರಗಳು ಒಂದೇ ಸೂತ್ರದಲ್ಲಿ ಪೋಣಿಸಿದವು. ಕೇಳುವವನು ದಂಡಧರನಾದ ರಾಜನು. ಪ್ರಕೃತದಲ್ಲಿಯಾದರೋ ರಾಜನೇ ಶಂಕಿತನು. ಸೂತ್ರವು ಕಡಿದು ಘೋಷಣೆಯೊಂದೇ ಕೈಯಲ್ಲಿ ಉಳಿಯಿತು. ರಾಜನ ಸ್ಥಾನದಲ್ಲಿ ಯಾರನ್ನು ನಿಲ್ಲಿಸಬೇಕೆಂಬುದೇ ವರದಿಯು ಉತ್ತರಿಸಬೇಕಾಗಿದ್ದ ಪ್ರಶ್ನೆ.

ಈ ನ್ಯೂನತೆಗೆ ಎರಡು ನಿದರ್ಶನಗಳನ್ನು ಕೊಡುವೆವು. ಅಜರ್‌ಬೈಜಾನ್ ದೇಶವು ಮೇಲ್ಕಂಡ ವ್ಯವಸ್ಥೆಯ ನಿಯಮಗಳನ್ನೆಲ್ಲ ಪೂರೈಸಿದ ಮೊದಲನೆಯ ದೇಶವೆಂದು ೨೦೦೯ರಲ್ಲಿ ಮನ್ನಣೆಗೊಂಡಿತು. ಲೆಕ್ಕಗಳು ತಾಳೆಯಾಗುತ್ತಿದ್ದರೂ ಲೆಕ್ಕವನ್ನು ಪ್ರಶ್ನಿಸುವ ಸಂಘಗಳ ಬಾಯನ್ನು ಸರಕಾರವು ಕಟ್ಟಿತು. ಅದಕ್ಕಾಗಿ ೨೦೧೭ರ ಮಾರ್ಚಿಯಲ್ಲಿ ಅಮಾನತುಗೊಂಡೊಡನೆ ಆ ದೇಶವು ವ್ಯವಸ್ಥೆಯನ್ನೇ ಬಿಟ್ಟುಹೋಯಿತು. ಎರಡನೆಯದು ನೈಜೀರಿಯದ್ದು. ೨೪೫ನೆಯ ಸಂಖ್ಯೆಯ ತೈಲಕ್ಷೇತ್ರಕ್ಕಾಗಿ ಶೆಲ್ ಮತ್ತು ಎನಿ ಕಂಪೆನಿಗಳು ೨೦೧೧ರಲ್ಲಿ ಸರಕಾರಕ್ಕೆ ಕೊಟ್ಟ ಸುಮಾರು ೧೧೦ ಕೋಟಿ ಡಾಲರುಗಳು, ಹಿಂದೆ ತೈಲಮಂತ್ರಿಯಾಗಿದ್ದವನೊಬ್ಬನಿಗೆ ಸಂಬಂಧಿಸಿದ ಕಂಪೆನಿಗೆ ಸಂದುವು. ಇದನ್ನು ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ ಬೆಂಬತ್ತಿ ಬಯಲಿಗೆಳೆಯಿತು. ಆದರೆ ಮಿಲಾನಿನ ನ್ಯಾಯಾಲಯವು ೨೦೨೧ರಲ್ಲಿ ಆರೋಪಿಗಳೆಲ್ಲರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ನ್ಯಾಯಾಲಯದ ತೀರ್ಪನ್ನು ತೂಗುವುದು ನಮ್ಮ ಕೆಲಸವಲ್ಲ. ಹಣದ ದಾರಿಯು ತಿಳಿಯುವುದು ಬೇರೆ, ಅದರಿಂದ ಪ್ರಜೆಗೆ ಒಂದು ಕಾಸಾದರೂ ಹಿಂದಕ್ಕೆ ಬರುವುದು ಬೇರೆಯೆಂಬುದಷ್ಟೇ ನಮ್ಮ ವಿವಕ್ಷೆ.

೬

ಹಾಗಾದರೆ ಪ್ರಕಟನವು ವ್ಯರ್ಥವೆನ್ನೋಣವೆ? ಅದೂ ಸಲ್ಲದು. ದೀಪವು ಕಣ್ಣನ್ನು ಕೊಡಲಾರದು. ಆದರೆ ಕಣ್ಣುಳ್ಳವನಿಗೂ ಕತ್ತಲೆಯಲ್ಲಿ ದೀಪವು ಬೇಕೇ ಬೇಕು. ಪ್ರಕಟನವು ಅಂಗ, ಪ್ರಶ್ನಿಸುವ ಹಕ್ಕು ಪ್ರಧಾನ. ಅಂಗಲೋಪವಾದರೆ ಪ್ರಧಾನವು ವಿಕಲವಾಗುವುದು, ಪ್ರಧಾನವಿಲ್ಲದೆ ಅಂಗವು ನಿಷ್ಫಲವಾಗುವುದು. ಅಂಗವನ್ನೇ ಪ್ರಧಾನವೆಂದು ಭ್ರಮಿಸುವುದಕ್ಕೆ ಎಡೆಗೊಟ್ಟುದೇ ಈ ವರದಿಯ ದೋಷವೆಂದು ನಮ್ಮ ಸಿದ್ಧಾಂತ. ಅಂಗೋಲವೇ ೨೦೨೨ರಲ್ಲಿ ಪಾರದರ್ಶಕತಾ ವ್ಯವಸ್ಥೆಯನ್ನು ಸೇರಿರುವುದರಿಂದ ಈ ವಿವೇಕವು ಈಗ ಹೆಚ್ಚು ಅವಶ್ಯ. ಅಲ್ಲಿ ತಾಳೆಪಟ್ಟಿಗಳು ಇನ್ನು ಸಕಾಲದಲ್ಲಿ ಹೊರಡಬಹುದು. ಅವುಗಳನ್ನು ಓದಿ ಕೇಳುವವನಿಗೆ ಅಭಯವುಂಟೇ ಎಂಬುದನ್ನೇ ಪರೀಕ್ಷಕರು ಮೊದಲು ನೋಡಬೇಕು.

ಸಂಸ್ಥೆಯು ತನ್ನ ನ್ಯೂನತೆಯನ್ನು ತಾನೇ ಕಂಡುಕೊಂಡಿತೆಂಬುದಕ್ಕೆ ಆಧಾರವುಂಟು. ಕಲಹದ ವಜ್ರವನ್ನು ತಡೆಯಲು ತಾನೇ ದುಡಿದು ತಂದ ಕಿಂಬರ್ಲಿ ವ್ಯವಸ್ಥೆಯು ಹೆಸರಿಗೆ ಮಾತ್ರ ಉಳಿಯಿತೆಂದು ತೋರಿದಾಗ ೨೦೧೧ರಲ್ಲಿ ಅದರಿಂದ ಹೊರಬಂದಿತು. ೨೦೧೨ರಿಂದ ಈಚೆಗೆ, ತಮ್ಮ ನೆಲ, ಕಾಡು, ನೀರುಗಳಿಗಾಗಿ ಎದ್ದುನಿಂತು ಹತರಾದವರ ಗಣನೆಯನ್ನು ವರ್ಷವರ್ಷವೂ ಪ್ರಕಟಿಸುತ್ತಿದೆ. ೨೦೨೩ರ ಕೊನೆಯವರೆಗೆ ಆ ಸಂಖ್ಯೆಯು ೨,೧೦೦ನ್ನು ಮೀರಿತು. ೧೯೯೯ರ ವರದಿಯಲ್ಲಿ ಹಣದ ಲೆಕ್ಕವುಂಟು, ಈ ವರದಿಗಳಲ್ಲಿ ಹಣದ ಲೆಕ್ಕವನ್ನು ಕೇಳಬಹುದಾಗಿದ್ದವರ ಲೆಕ್ಕವುಂಟು. ಮೊದಲನೆಯದರಲ್ಲಿ ಕಾಣದೆ ಹೋದ ಅಧಿಕಾರಿಯು ಎರಡನೆಯವುಗಳಲ್ಲಿ ಸತ್ತವನಾಗಿ ಕಾಣಿಸಿಕೊಳ್ಳುವನು. ಆದಕಾರಣ ಈ ಎರಡನ್ನೂ ಒಂದೇ ಪ್ರಬಂಧದ ಪೂರ್ವೋತ್ತರಭಾಗಗಳೆಂದು ಕೂಡಿಸಿ ಓದತಕ್ಕದ್ದೆಂದು ನಮ್ಮ ಅಭಿಪ್ರಾಯ. ಇದರಲ್ಲಿ ದೋಷವಿದ್ದರೆ ವಿದ್ವಾಂಸರು ತಿದ್ದಿ ಉಪಕರಿಸಬೇಕಾಗಿ ಪ್ರಾರ್ಥನೆ.