ಪ್ರಶ್ನೆಯೂ ಪ್ರಶ್ನಾವಳಿಯೂ: ಸ್ನಾತಕೋತ್ತರ ಪ್ರಬಂಧಗಳನ್ನು ಕುರಿತು ಒಂದು ವಿಮರ್ಶೆ

ಮಾನವ ಸಂಪನ್ಮೂಲ ನಿರ್ವಹಣೆಯನ್ನು ಅಭ್ಯಸಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳು ವ್ಯಾಸಂಗದ ಕೊನೆಯಲ್ಲಿ ಮಾರ್ಗದರ್ಶಕರ ಮೇಲ್ವಿಚಾರಣೆಯಲ್ಲಿ ಪ್ರಬಂಧವೊಂದನ್ನು ರಚಿಸುವುದು ರೂಢಿಯಾಗಿದೆ. ರೂಢಿಯ ಉದ್ದೇಶ ಸಾಧುವಾದುದು. ನಾಳೆ ನೂರಾರು ಜನರ ನೇಮಕ, ಬಡ್ತಿ, ಶಿಸ್ತುಗಳನ್ನು ಕುರಿತು ತೀರ್ಮಾನ ಮಾಡಬೇಕಾದವರು, ತೀರ್ಮಾನಕ್ಕೆ ಮೊದಲು ನಿಜಸ್ಥಿತಿಯನ್ನು ಅರಿಯುವ ಬಗೆಯನ್ನು ಕಲಿಯಲೆಂಬುದೇ ಅದರ ಆಶಯ. ಈ ಆಶಯವು ಎಷ್ಟರಮಟ್ಟಿಗೆ ಈಡೇರುತ್ತಿದೆ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ನಾವು ಓದುವ ಪ್ರಬಂಧಗಳಲ್ಲಿ ಹಲವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಶೀರ್ಷಿಕೆಯಲ್ಲಿ ಉದ್ಯೋಗತೃಪ್ತಿಯೋ ತರಬೇತಿಯ ಪರಿಣಾಮವೋ ಇರುತ್ತದೆ. ಹಿಂದಿನ ಪ್ರಬಂಧವೊಂದರಿಂದ ಎತ್ತಿಕೊಂಡ ಪ್ರಶ್ನಾವಳಿಯನ್ನು ಹಂಚಲಾಗುತ್ತದೆ. ಲಿಕರ್ಟ್ 1932ರಲ್ಲಿ ನಿರೂಪಿಸಿದ ಮಾಪಕದ ಮೇಲೆ ಉತ್ತರಗಳು ಅಂಕಿಗಳಾಗುತ್ತವೆ. ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಗುಣಾಂಕವು ಅವಕ್ಕೆ ಶಾಸ್ತ್ರದ ಮುದ್ರೆಯೊತ್ತುತ್ತದೆ. ಆದರೆ ಆ ಗುಣಾಂಕವು ಹೇಳುವುದು ಪ್ರಶ್ನೆಗಳು ಪರಸ್ಪರ ಹೊಂದಿಕೊಂಡಿವೆಯೆಂಬುದನ್ನು ಮಾತ್ರ, ಉತ್ತರವು ನಿಜವೆಂದಲ್ಲ. ಸಿಬ್ಬಂದಿ ಕಛೇರಿಯೇ ಹಂಚಿ, ಅದೇ ಕಛೇರಿಯೇ ಸಂಗ್ರಹಿಸುವ ಕಾಗದದ ಮೇಲೆ ತನಗೆ ತೃಪ್ತಿಯಿಲ್ಲವೆಂದು ಗುರುತು ಹಾಕುವ ಧೈರ್ಯ ಯಾವ ಹಂಗಾಮಿ ನೌಕರನಿಗೆ ಬಂದೀತು?

ಈ ಶಾಸ್ತ್ರದ ಪಠ್ಯಗಳೆಲ್ಲ ಸ್ಮರಿಸುವ ಹಾಥಾರ್ನ್ ಅಧ್ಯಯನವನ್ನೇ ನೋಡಬಹುದು. ಶಿಕಾಗೋ ನಗರದ ಬಳಿಯಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಅದು ನಡೆಯಿತು. 1928ರಲ್ಲಿ ಅಲ್ಲಿ ಕಾರ್ಮಿಕರ ಸಂದರ್ಶನಗಳನ್ನು ಆರಂಭಿಸಿದಾಗ, ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಲಾಗಿತ್ತು. ಕಾರ್ಮಿಕರಾದರೋ ಕೇಳಿದ್ದನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಆಡತೊಡಗಿದರು. 1929ರಲ್ಲಿ ಸಂಶೋಧಕರು ಕ್ರಮವನ್ನೇ ಬದಲಿಸಿ, ಕಾರ್ಮಿಕನು ಆರಿಸಿಕೊಂಡ ವಿಷಯವನ್ನೇ ಕೇಳಿಸಿಕೊಳ್ಳುವುದೆಂದು ನಿರ್ಧರಿಸಿದರು. ಅರ್ಧ ಗಂಟೆಯಷ್ಟಿದ್ದ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು. 1930ರ ವೇಳೆಗೆ 20,000ಕ್ಕೂ ಹೆಚ್ಚು ಕಾರ್ಮಿಕರ ಮಾತು ಹೀಗೆ ದಾಖಲಾಯಿತು.

ಅನಂತರ 1931-32ರಲ್ಲಿ 14 ಮಂದಿ ಕೆಲಸಗಾರರ ಕೊಠಡಿಯೊಂದರಲ್ಲಿ ವೀಕ್ಷಕನೊಬ್ಬನು ತಿಂಗಳುಗಟ್ಟಲೆ ಕುಳಿತು ಕಂಡುದು ಇನ್ನೂ ಗಮನಾರ್ಹ. ದಿನಕ್ಕೆ ಇಷ್ಟೇ ಕೆಲಸವೆಂದು ಅವರು ತಮ್ಮೊಳಗೇ ಕಟ್ಟುಮಾಡಿಕೊಂಡಿದ್ದರು. ಮೀರಿದವನ ತೋಳಿಗೆ ಗುದ್ದು ಬೀಳುತ್ತಿತ್ತು. ಹೆಚ್ಚು ದುಡಿದರೆ ಕೂಲಿಯ ದರ ಇಳಿಯುವುದೆಂಬ ಅಂಜಿಕೆ ಅದರ ಹಿಂದಿತ್ತು. ಇಂತಹ ಸಂಗತಿಯನ್ನು ಯಾವ ಪ್ರಶ್ನಾವಳಿಯೂ ಹೊರಗೆಡಹಲಾರದು. ಏಕೆಂದರೆ ಪ್ರಶ್ನಾವಳಿಯನ್ನು ಬರೆಯುವವರಿಗೆ ಇದನ್ನು ಕೇಳಬೇಕೆಂಬುದೇ ಹೊಳೆದಿರುವುದಿಲ್ಲ.

ಆ ಅಧ್ಯಯನ ನಿರ್ದುಷ್ಟವಾದುದೆಂದು ನಾವು ಹೇಳುತ್ತಿಲ್ಲ. ಅದರ ಇನ್ನೊಂದು ಭಾಗವಾದ ಐವರು ಯುವತಿಯರ ಪ್ರಯೋಗದಲ್ಲಿ, ಇಬ್ಬರನ್ನು ನಡುವೆಯೇ ತೆಗೆದು ಬೇರೆ ಇಬ್ಬರನ್ನು ಸೇರಿಸಲಾಗಿತ್ತು. 1967ರಲ್ಲಿ ಅಲೆಕ್ಸ್ ಕೇರಿಯವರು ಇದನ್ನು ಎತ್ತಿತೋರಿಸಿ, ಅದರಿಂದ ತೆಗೆದ ತೀರ್ಮಾನಗಳನ್ನು ತೀವ್ರವಾಗಿ ಖಂಡಿಸಿದರು. ಆದರೆ ಇಂತಹ ಖಂಡನೆಗೆ ಬೇಕಾದ ವಿವರಗಳನ್ನು ಒದಗಿಸಿದುದು ರೋಥ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಅವರು 1939ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವೇ. ನಡೆದುದನ್ನು ನಡೆದಂತೆ ಬರೆದಿಟ್ಟ ಸಂಶೋಧನೆಯು ತಪ್ಪಿದರೂ ಶಾಸ್ತ್ರಕ್ಕೆ ಉಪಕಾರಿ. ನಮ್ಮ ಪ್ರಬಂಧಗಳಲ್ಲಿ ಎಷ್ಟು ಕಾಗದಗಳು ಹಿಂದಿರುಗಲಿಲ್ಲ, ಯಾರ ಎದುರಿನಲ್ಲಿ ಉತ್ತರ ಬರೆಯಲಾಯಿತು ಎಂಬುದನ್ನು ತಿಳಿಸುವವು ವಿರಳ. ಆದ್ದರಿಂದ ಅವನ್ನು ಖಂಡಿಸುವುದಕ್ಕೂ ಆಧಾರ ದೊರೆಯದು.

ದೋಷವನ್ನೆಲ್ಲ ವಿದ್ಯಾರ್ಥಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಕೆಲವೇ ವಾರಗಳ ಅವಧಿ, ಒಬ್ಬೊಬ್ಬ ಮಾರ್ಗದರ್ಶಕರಿಗೆ ಹತ್ತಾರು ವಿದ್ಯಾರ್ಥಿಗಳು, ಕಾರ್ಖಾನೆಯ ಬಾಗಿಲು ತೆರೆಯುವುದೇ ಕಷ್ಟ; ಇವೆಲ್ಲ ನಿಜವಾದ ಅಡಚಣೆಗಳು. ಆದರೂ ಮಾರ್ಗದರ್ಶಕರ ಶ್ರಮ ಎಲ್ಲಿ ವ್ಯಯವಾಗುತ್ತಿದೆ ಎಂಬುದು ವಿಚಾರಾರ್ಹ. ಕೊನೆಯ ವಾರದಲ್ಲಿ ಕೋಷ್ಟಕಗಳನ್ನೂ ಕಾಗುಣಿತವನ್ನೂ ತಿದ್ದುವುದಕ್ಕಿಂತ, ಮೊದಲ ವಾರದಲ್ಲಿ ಪ್ರಶ್ನೆಯನ್ನು ತಿದ್ದುವುದು ಮೇಲು. 'ಉದ್ಯೋಗತೃಪ್ತಿ' ಎಂದು ಬರುವವರನ್ನು, ರಾತ್ರಿ ಪಾಳಿಯ ಹೆಂಗಸರು ಮನೆಗೆ ಹಿಂದಿರುಗುವುದು ಹೇಗೆ, ಗುತ್ತಿಗೆಯ ಆಳಿಗೂ ಕಾಯಂ ನೌಕರನಿಗೂ ಕ್ಯಾಂಟೀನಿನಲ್ಲಿ ಒಂದೇ ಸಾಲೇ ಎಂದು ನೋಡಿಬರುವಂತೆ ಕಳುಹಿಸಬೇಕು.

ನಮ್ಮ ಸೂಚನೆಗಳು ಮೂರು. ಪ್ರಶ್ನಾವಳಿಯನ್ನು ರಚಿಸುವ ಮುನ್ನ ಒಂದು ವಾರವಾದರೂ ಕೆಲಸದ ಸ್ಥಳದಲ್ಲಿದ್ದು ದಿನಚರಿ ಬರೆಯಬೇಕು. ಉತ್ತರಗಳು ಆಡಳಿತದ ಕೈಸೇರವೆಂಬ ಭರವಸೆಯನ್ನು ಕಾರ್ಮಿಕರಿಗೆ ನೀಡಿ, ಅದನ್ನು ಪಾಲಿಸಬೇಕು. ಪರೀಕ್ಷಕರು ದಿನಚರಿಗೂ ಅಂಕಗಳನ್ನು ಮೀಸಲಿಡಬೇಕು. ಕಾರ್ಮಿಕನು ತನ್ನ ಬಿಡುವಿನ ವೇಳೆಯನ್ನು ಕೊಟ್ಟು ವಿದ್ಯಾರ್ಥಿಗೆ ಉತ್ತರಿಸುತ್ತಾನೆ. ಆ ಉತ್ತರವನ್ನು ಕೋಷ್ಟಕ ತುಂಬುವ ಸಾಮಗ್ರಿಯಾಗಿ ಮಾತ್ರ ಬಳಸುವುದನ್ನು ಕಲಿತವರು, ಮುಂದೆ ಅಧಿಕಾರಿಗಳಾದಾಗ ಅವನ ದೂರನ್ನೂ ಹಾಗೆಯೇ ಕಾಣುವರೆಂಬ ಭಯ ನಮಗಿದೆ.